ಮರುಭೂಮಿ ದಾಟಿದ ಹಡಗುಗಳು

ಪತ್ರ: ಕಳೆದ ಸಂಚಿಕೆಯ ಈಜಿಪ್ಟ್ ಲೇಖನದಲ್ಲಿ ರಾಣಿ ಹಟ್ಶೆಪ್ಸುತ್ ಪುಂಟ್ ದೇಶಕ್ಕೆ 'ಮೊಟ್ಟಮೊದಲು' ಹಡಗು ಕಳಿಸಿದಳು ಎಂದಿದೆ. ನೈಲ್ ನದಿ ಸೇರುವುದು ಮೆಡಿಟರೇನಿಯನ್ ಸಮುದ್ರವನ್ನು. ಹಾಗಿರುವಾಗ ಅವಳ ಹಡಗುಗಳು ಕೆಂಪು ಸಮುದ್ರಕ್ಕೆ ಇಳಿದದ್ದು ಹೇಗೆ? ಪುಂಟ್ ಎಂದರೆ ನಮ್ಮ ಪಶ್ಚಿಮ ಕರಾವಳಿಯೇ ಎಂದು ಎಲ್ಲೋ ಓದಿದ ನೆನಪು. ನಿಜವೇ?
— ಓದುಗರೊಬ್ಬರು, ಹೊನ್ನಾವರ

ಮಾನ್ಯರೆ,

'ಮೊಟ್ಟಮೊದಲು' ಎಂಬುದು ನಮ್ಮ ತಪ್ಪು. ಶೀರ್ಷಿಕೆಗೆ ಕಳೆ ಬರಲೆಂದು ಸೇರಿಸಿದ ಮಾತು ಅದು, ಸೇರಿಸಿದವನು ನಾನೇ. ಹಟ್ಶೆಪ್ಸುತ್ ಆಳಿದ್ದು ಕ್ರಿ.ಪೂ. 1479ರಿಂದ 1458ರವರೆಗೆ. ಅವಳಿಗಿಂತ ಸುಮಾರು ಸಾವಿರ ವರ್ಷ ಮೊದಲೇ ಸಹುರೆ ಎಂಬ ಅರಸ ಪುಂಟ್‌ನಿಂದ 80,000 ಅಳತೆ ರಕ್ತಬೋಳ (ಮರದಿಂದ ಒಸರುವ ಪರಿಮಳದ ಅಂಟು) ತರಿಸಿದ ದಾಖಲೆ ಹಳೆಯ ಅರಸರ ಆಳ್ವಿಕೆಯನ್ನು ವರ್ಷವಾರು ಕೆತ್ತಿದ ಪಲೆರ್ಮೊ ಶಿಲೆಯಲ್ಲಿದೆ.

ಇನ್ನು ಹಡಗಿನ ಪ್ರಶ್ನೆ. ಕಡಲ ತಡಿಯವರಿಗೆ ಮಾತ್ರ ಹೊಳೆಯುವಂಥದ್ದು. ಉತ್ತರ ಕೇಳಿದರೆ ನಗು ಬಂದೀತು: ಹಡಗನ್ನು ಬಿಚ್ಚಿ ಹೊತ್ತೊಯ್ಯುತ್ತಿದ್ದರು. ನೈಲ್ ದಡದ ಕೊಪ್ಟೋಸ್‌ನಲ್ಲಿ ಹಡಗು ಕಟ್ಟುವುದು, ಹಲಗೆ ಹಲಗೆಯಾಗಿ ಕಳಚುವುದು, ಕತ್ತೆಗಳ ಮೇಲೂ ಆಳುಗಳ ಹೆಗಲ ಮೇಲೂ ಹೇರಿ ಒಣಕಣಿವೆಗಳಲ್ಲಿ 150 ಕಿಲೋಮೀಟರ್‌ಗೂ ಹೆಚ್ಚು ನಡೆದು ಕಡಲ ಬದಿಯಲ್ಲಿ ಮತ್ತೆ ಜೋಡಿಸುವುದು. ಹಲಗೆಗಳ ಅಂಚಿನಲ್ಲಿ ಕುಳಿ ಕೊರೆದು ಮರದ ಬೆಣೆಯಿಂದ ಬೆಸೆಯುತ್ತಿದ್ದ ಕಾರಣ ಬಿಚ್ಚುವುದೂ ಕೂಡಿಸುವುದೂ ಸಾಧ್ಯವಿತ್ತು.

ಇದು ಬರೀ ಊಹೆಯಲ್ಲ. ಕೆಂಪು ಸಮುದ್ರದ ದಡದ ವಾದಿ ಗವಾಸಿಸ್‌ನಲ್ಲಿ ಪುರಾತತ್ವಜ್ಞರಾದ ಕ್ಯಾಥರಿನ್ ಬಾರ್ಡ್ ಮತ್ತು ರೊಡೊಲ್ಫೊ ಫಟ್ಟೊವಿಚ್ ತಂಡ ಬಂಡೆ ಕೊರೆದ ಗುಹೆಗಳನ್ನು ಅಗೆದಾಗ ಹಗ್ಗದ ಸಿಂಬೆಗಳು ಸಿಕ್ಕವು. ನಾವಿಕರು ಸುತ್ತಿ, ನಡುವೆ ಬಿಗಿದು, ನೆಲದಲ್ಲಿ ಸಾಲಾಗಿ ಇಟ್ಟುಹೋದ ಹಾಗೆಯೇ ಇದ್ದವು, ಸುಮಾರು 3,800 ವರ್ಷ. ದೇವದಾರು ಹಲಗೆಗಳೂ ಇದ್ದವು. ಅವುಗಳ ಮೈತುಂಬ ಹಡಗುಹುಳು, ಅಂದರೆ ಕಡಲ ನೀರಿನಲ್ಲಿ ಮರ ತಿನ್ನುವ ಜೀವಿ, ಕೊರೆದ ತೂತುಗಳು. ಕಡಲಿಗೆ ಇಳಿದು ಬಂದ ಮರ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಅದೇ ತಾಣದ ಒಂದು ಶಾಸನ ಆಳುಗಳ ಲೆಕ್ಕ ಕೊಡುತ್ತದೆ: ನಾವಿಕರು 500, ಲಿಪಿಕಾರರು 5, ಕರೆತಂದ ಆಳುಗಳು 3,200. ಹುಟ್ಟು ಹಿಡಿದ ಒಬ್ಬನಿಗೆ ಹೊರೆ ಹೊತ್ತವರು ಆರು ಮಂದಿ! ಇದು ಹಟ್ಶೆಪ್ಸುತ್‌ಗಿಂತ ನಾಲ್ಕೂವರೆ ಶತಮಾನ ಹಿಂದಿನದು. ಅವಳ ಜನವೂ ಇದೇ ಪಾಡು ಪಟ್ಟಿರಬೇಕು.

ಹಾಗಾದರೆ ಅವಳ ಹೆಚ್ಚುಗಾರಿಕೆ ಏನು? ನಿಂತುಹೋಗಿದ್ದ ದಾರಿಯನ್ನು ತೆರೆದಳು, ತೆರೆದದ್ದನ್ನು ಎಲ್ಲರೂ ನೋಡುವಂತೆ ಕಲ್ಲಿನಲ್ಲಿ ಕೆತ್ತಿಸಿದಳು. ಆಳ್ವಿಕೆಯ 9ನೇ ವರ್ಷ ನೆಹ್ಸಿ ಎಂಬ ಅಧಿಕಾರಿಯ ನೇತೃತ್ವದಲ್ಲಿ ಹೊರಟ ಐದು ಹಡಗುಗಳನ್ನು ದೇರ್ ಎಲ್ ಬಹರಿ ದೇಗುಲದ ಗೋಡೆಯ ಮೇಲೆ ಇಂದಿಗೂ ನೋಡಬಹುದು. ಸರಕು ಹೊತ್ತವರು ಹಲಗೆಯ ಮೇಲೆ ಹತ್ತುತ್ತಿದ್ದಾರೆ. ಕೋತಿಗಳು ಹಗ್ಗದ ಮೇಲೆ ಓಡಾಡುತ್ತಿವೆ. ಬೇರುಸಮೇತ ಕಿತ್ತ ಬೋಳದ ಗಿಡಗಳನ್ನು ಬುಟ್ಟಿಯಲ್ಲಿಟ್ಟು, ಕೋಲಿಗೆ ತೂಗುಹಾಕಿ ಹೆಗಲು ಕೊಟ್ಟಿದ್ದಾರೆ. ಅಂಥ 31 ಗಿಡ ತಂದರೆಂದು ಬರಹವಿದೆ. ಅಂಟು ಕೊಳ್ಳುವ ಬದಲು ಮರವನ್ನೇ ತಂದು ಅಂಗಳದಲ್ಲಿ ನೆಡುವ ಈ ಲೆಕ್ಕಾಚಾರ ನನಗೆ ಬಲು ಇಷ್ಟ. ಹಡಗಿನ ಕೆಳಗೆ ನೀರಿನಲ್ಲಿ ದೊಡ್ಡ ಸಿಗಡಿ, ಬೊಂಡಾಸ್ (ಸ್ಕ್ವಿಡ್), ಆಮೆ. ನೀವು ನೋಡಿದರೆ ಹೆಸರಿಟ್ಟು ಕರೆಯುತ್ತೀರಿ. ನೈಲ್‌ನಲ್ಲಿ ಆ ಸಿಗಡಿ, ಬೊಂಡಾಸ್ ಸಿಗುವುದಿಲ್ಲ; ಚಿತ್ರಕಾರ ಕಡಲನ್ನು ಬಲ್ಲವರನ್ನು ಕೇಳಿಯೇ ಕೆತ್ತಿರಬೇಕು.

ಹೆಂಗಸಾದ ಕಾರಣ ಯುದ್ಧ ಬಿಟ್ಟು ವ್ಯಾಪಾರ ಹಿಡಿದಳು ಎಂಬ ಮಾತು ಆಗಾಗ ಕೇಳುತ್ತದೆ. ಅವಳ ಕಾಲದಲ್ಲಿ ಈಜಿಪ್ಟಿನ ದಕ್ಷಿಣಕ್ಕಿದ್ದ ನುಬಿಯಾದ ಮೇಲೆ ದಂಡೆತ್ತಿದ್ದಕ್ಕೂ ಬರಹಗಳಿವೆ. ಅದನ್ನು ಅಲ್ಲಿಗೇ ಬಿಡೋಣ.

ಪುಂಟ್ ನಮ್ಮ ಕರಾವಳಿಯಲ್ಲ. ಗೋಡೆಯ ಮೇಲೆ ಏಣಿ ಹತ್ತಿ ಹೋಗುವ ಕಂಬದ ಗುಡಿಸಲುಗಳಿವೆ, ಪುಂಟ್‌ನ ದೊರೆ ಪರಾಹು ಮತ್ತು 'ಅತಿ' ಎಂಬ ಹೆಸರಿನ ಅವನ ಹೆಂಡತಿ ಇದ್ದಾರೆ. ಇವಷ್ಟರಿಂದಲೇ ಊರು ಗುರುತಿಸಲಾಗದು. ಸುಳಿವು ಕೊಟ್ಟದ್ದು ಪುಂಟ್‌ನಿಂದ ತರುತ್ತಿದ್ದ ಬಬೂನ್ ಕೋತಿಗಳು. ಈಜಿಪ್ಟಿನಲ್ಲಿ ಸಿಕ್ಕ ಬಬೂನ್ ಮಮ್ಮಿಗಳ ಹಲ್ಲು, ಕೂದಲುಗಳನ್ನು ಪರೀಕ್ಷಿಸಿದ 2020ರ ಅಧ್ಯಯನ ಬೊಟ್ಟು ಮಾಡಿದ್ದು ಎರಿಟ್ರಿಯಾ, ಇಥಿಯೋಪಿಯಾ, ಸೊಮಾಲಿಯಾ ಕಡೆಗೆ.

ಆದರೂ ನಿಮ್ಮನ್ನು ಬರಿಗೈಯಲ್ಲಿ ಕಳಿಸಲಾರೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಕ್ರಿ.ಶ. 2ನೇ ಶತಮಾನದ ಗ್ರೀಕ್ ಪ್ರಹಸನದ ಹಸ್ತಪ್ರತಿಯಲ್ಲಿ ಭಾರತದ ಕಡಲ ತಡಿಯ ಜನರಾಡುವ ಮಾತುಗಳು ಕನ್ನಡವೆಂದು ಕೆಲವು ವಿದ್ವಾಂಸರು ವಾದಿಸಿದ್ದಾರೆ. ಅದು ಹಟ್ಶೆಪ್ಸುತ್‌ಗಿಂತ 1,600 ವರ್ಷ ಈಚಿನ ಕಥೆ. ನೀವೆಲ್ಲೋ ಓದಿದ್ದು ಅದಿರಬಹುದೇ?

— ಸಂಪಾದಕ