ಬೋರ್ಡಿಗೊಂದು ಪ್ರೊಟೊಬಫ್, ಲ್ಯಾಪ್‌ಟಾಪಿಗೊಂದು ಪ್ರೊಟೊಬಫ್

ಪ್ರಶ್ನೆ: ಉಡುಪಿಯಲ್ಲಿ ನಾವು ಮೂವರು ಸೇರಿ ಮಲ್ಪೆಯ ಬೋಟುಗಳಿಗೆ ಒಂದು ಸಣ್ಣ ಸಾಧನ ಮಾಡುತ್ತಿದ್ದೇವೆ. ಬೋಟು ಎಲ್ಲುಂಟು, ಇಂಜಿನ್ ಎಷ್ಟು ಬಿಸಿಯಾಗಿದೆ, ಡೀಸೆಲ್ ಎಷ್ಟುಂಟು ಅಂತ ಅದು ದಡಕ್ಕೆ ಕಳಿಸುತ್ತದೆ. ಬೋರ್ಡಿನದು 64 ಬಿಟ್ ಆರ್ಮ್ ಚಿಪ್, ನಮ್ಮ ಲ್ಯಾಪ್‌ಟಾಪುಗಳು ಇಂಟೆಲ್. ಸಿ ಪ್ಲಸ್ ಪ್ಲಸ್ ಕೋಡ್, ಪ್ಯಾಕೇಜ್ ಮ್ಯಾನೇಜರ್ ಕಾನನ್ 2. ಮಾಹಿತಿಯನ್ನು ಕಟ್ಟಿ ಕಳಿಸಲು ಇರುವ ಲೈಬ್ರರಿ ಪ್ರೊಟೊಬಫ್. ಅದರ ಪ್ಯಾಕೇಜಿನೊಳಗಿನ, ಕೋಡ್ ಬರೆದುಕೊಡುವ ಟೂಲ್ ಪ್ರೊಟೊಸಿಯನ್ನು ನಮ್ಮ ಬಿಲ್ಡ್ ಟೂಲ್ ಸಿಮೇಕ್ ಕರೆದ ಕೂಡಲೇ ‘ಎಕ್ಸೆಕ್ ಫಾರ್ಮ್ಯಾಟ್ ಎರರ್’ ಬರುತ್ತದೆ. ಉಬುಂಟುವಿನ ಆಪ್ಟ್‌ನಿಂದ ಪ್ರೊಟೊಸಿ ಹಾಕಿದ ಮೇಲೆ ನನ್ನಲ್ಲಿ ಸರಿಯಾಯಿತು, ಗೆಳೆಯನ ಲ್ಯಾಪ್‌ಟಾಪಿನಲ್ಲಿ ಆಗಲಿಲ್ಲ. ಏನು ಮಾಡೋದು ಸರ್?

ಉತ್ತರ: ಕಂಪೈಲರ್‌ನಲ್ಲಿ ತಪ್ಪಿಲ್ಲ. ಬೇಕಾದ ಪ್ಯಾಕೇಜುಗಳನ್ನು ಬರೆಯುವ ಕಾನನ್‌ಫೈಲಿನಲ್ಲಿ ಪ್ರೊಟೊಬಫ್ ಅನ್ನು ನೀವು ‘ರಿಕ್ವೈರ್ಸ್’ನಲ್ಲಿ ಮಾತ್ರ ಬರೆದಿರಬೇಕು. ಅಲ್ಲಿ ಬರೆದದ್ದೆಲ್ಲ ಬೋರ್ಡಿಗಾಗಿ ತಯಾರಾಗುತ್ತದೆ. ಲೈಬ್ರರಿ ಬೋಟಿನಲ್ಲೇ ಓಡಬೇಕು, ಹಾಗಾಗಿ ಅದಕ್ಕೆ ಇದು ಸರಿ. ಆದರೆ ಜೊತೆಗೆ ಬಂದ ಪ್ರೊಟೊಸಿಯೂ ಆರ್ಮ್ ಪ್ರೋಗ್ರಾಮೇ ಆಯಿತು. ಅದು ಓಡಬೇಕಾದದ್ದು ಬಿಲ್ಡ್ ನಡೆಯುವ ನಿಮ್ಮ ಇಂಟೆಲ್ ಯಂತ್ರದಲ್ಲಿ, ಅಲ್ವಾ?

ಪ್ರತಿ ಪ್ಯಾಕೇಜ್ ಸೇರಿಸುವಾಗಲೂ ಇದು ಓಡುವುದು ಎಲ್ಲಿ ಅಂತ ಕೇಳಿಕೊಳ್ಳಿ. ನಿಂಜಾ, ಫ್ಲೆಕ್ಸ್, ಬೈಸನ್‌ನಂಥ ಬಿಲ್ಡ್ ಟೂಲುಗಳು ಓಡುವುದು ಲ್ಯಾಪ್‌ಟಾಪಿನಲ್ಲಿ. ಗೂಢಲಿಪೀಕರಣದ ಲೈಬ್ರರಿ ಓಪನ್‌ಎಸ್‌ಎಸ್‌ಎಲ್ ನಿಮಗೆ ಬೇಕಾಗುವುದು ಬೋರ್ಡಿನಲ್ಲಿ. ಪ್ರೊಟೊಬಫ್ ಎರಡೂ ಕಡೆ ಬೇಕು. ಅದಕ್ಕೇ ಅದನ್ನು ‘ಟೂಲ್ ರಿಕ್ವೈರ್ಸ್’ನಲ್ಲೂ, ಅಂದರೆ ಬಿಲ್ಡ್ ಮಾಡುವ ಯಂತ್ರದಲ್ಲಿ ಓಡುವ ಟೂಲುಗಳ ಪಟ್ಟಿಯಲ್ಲೂ, ಬರೆಯಬೇಕು. ಬರೆದದ್ದನ್ನೇ ಮತ್ತೆ ಬರೆದ ಹಾಗೆ ಕಾಣುತ್ತದೆ, ಆದರೆ ಬರುವುದು ಎರಡು ಬೇರೆ ಬೇರೆ ಬೈನರಿ.

ಕಾನನ್ 2 ಯಾವಾಗಲೂ ಎರಡು ಪ್ರೊಫೈಲ್ (ಯಂತ್ರ, ಕಂಪೈಲರುಗಳ ವಿವರ) ಇಟ್ಟುಕೊಂಡು ಕೆಲಸ ಮಾಡುತ್ತದೆ. ‘ಬಿಲ್ಡ್’ ಅಂದರೆ ಲ್ಯಾಪ್‌ಟಾಪು, ‘ಹೋಸ್ಟ್’ ಅಂದರೆ ಬೋರ್ಡು. ವಿಸಿಪಿಕೆಜಿ ಎಂಬ ಇನ್ನೊಂದು ಪ್ಯಾಕೇಜ್ ಮ್ಯಾನೇಜರ್ ಬಳಸಿದವರು ಇಲ್ಲಿ ಎಡವುತ್ತಾರೆ. ಅದರಲ್ಲಿ ‘ಹೋಸ್ಟ್’ ಅಂದರೆ ಬಿಲ್ಡ್ ಮಾಡುವ ಯಂತ್ರ, ಪೂರ್ತಿ ಉಲ್ಟಾ. ನಿಮ್ಮ ಹೋಸ್ಟ್ ಪ್ರೊಫೈಲ್ ಡೀಬಗ್ ಆಗಿದ್ದರೂ ಬಿಲ್ಡ್ ಪ್ರೊಫೈಲ್ ರಿಲೀಸ್ ಆಗಿಯೇ ಇರಲಿ. ಟೂಲುಗಳನ್ನು ನೀವು ಡೀಬಗ್ ಮಾಡುವುದಿಲ್ಲವಲ್ಲ.

ಇನ್ನು ಗೆಳೆಯನ ಲ್ಯಾಪ್‌ಟಾಪಿನ ವಿಷಯ. ನನಗೆ ಹೆಚ್ಚು ಕಾಳಜಿ ಇರುವುದು ಇದರ ಬಗ್ಗೆಯೇ. ಸಿ ಪ್ಲಸ್ ಪ್ಲಸ್‌ನಲ್ಲಿ ಪ್ರೊಟೊಸಿ ಬರೆದುಕೊಟ್ಟ ಕೋಡಿಗೂ ನೀವು ಲಿಂಕ್ ಮಾಡುವ ಲೈಬ್ರರಿಗೂ ಆವೃತ್ತಿ ಒಂದೇ ಇರಬೇಕು. ಆ ಕೋಡ್ ಶುರುವಿನಲ್ಲೇ ಇದನ್ನು ಪರೀಕ್ಷಿಸುತ್ತದೆ, ಹೊಂದದಿದ್ದರೆ ಕಂಪೈಲ್ ನಿಲ್ಲುತ್ತದೆ. ಆಪ್ಟ್ ಕೊಡುವುದು ಆಯಾ ಉಬುಂಟುವಿನಲ್ಲಿರುವ ಪ್ರೊಟೊಸಿಯನ್ನು. ಗೆಳೆಯನ ಉಬುಂಟು ಬೇರೆಯದಾಗಿದ್ದರೆ ಪ್ರೊಟೊಸಿಯೂ ಬೇರೆ. ನಿಮ್ಮಲ್ಲಿ ಹೊಂದಿಕೊಂಡದ್ದು ಆಕಸ್ಮಿಕ. ಉಬುಂಟು ಅಪ್‌ಗ್ರೇಡ್ ಮಾಡಿದ ದಿನ ನಿಮ್ಮಲ್ಲೂ ನಿಲ್ಲಬಹುದು.

ಕಾನನ್‌ನಲ್ಲಿ ಇದಕ್ಕೆ ಚೆಂದದ ಉಪಾಯ ಇದೆ. ನಿಮ್ಮ ಕಾನನ್‌ಫೈಲ್ ಪೈಥಾನಿನದಾಗಿದ್ದರೆ, ಟೂಲ್ ರಿಕ್ವೈರ್ಸ್‌ನಲ್ಲಿ ಆವೃತ್ತಿಯ ಅಂಕಿಯ ಜಾಗದಲ್ಲಿ ಕೋನಾವರಣದೊಳಗೆ (< >) ‘ಹೋಸ್ಟ್ ಅಂಡರ್‌ಸ್ಕೋರ್ ವರ್ಷನ್’ ಅಂತ ಇಂಗ್ಲಿಷಿನಲ್ಲಿ ಬರೆಯಿರಿ. ಲೈಬ್ರರಿ ಯಾವ ಆವೃತ್ತಿಯೋ ಟೂಲೂ ಅದೇ ಆವೃತ್ತಿ. ನಾಳೆ ನೀವು ಲೈಬ್ರರಿಯ ಆವೃತ್ತಿ ಬದಲಿಸಿದರೂ ಟೂಲ್ ಹಿಂದೆ ಉಳಿಯುವುದಿಲ್ಲ. ಲಾಕ್‌ಫೈಲ್ ಕೂಡ ಮಾಡಿ ಗಿಟ್‌ಗೆ ಹಾಕಿ, ಅದರಲ್ಲಿ ಟೂಲುಗಳ ಆವೃತ್ತಿಯೂ ದಾಖಲಾಗುತ್ತದೆ.

ಬೇರೆ ಚಿಪ್ಪಿನ ಪ್ರೋಗ್ರಾಂ ಓಡಿಸುವ ಕ್ಯೂಎಂಯು ಹಾಕಿ, ಆರ್ಮ್ ಪ್ರೊಟೊಸಿ ಲ್ಯಾಪ್‌ಟಾಪಿನಲ್ಲೇ ಓಡುತ್ತದೆ ಅಂತ ಯಾರಾದರೂ ಹೇಳಬಹುದು. ಓಡುವುದೇನೋ ನಿಜ. ಆದರೆ ನಿಧಾನ, ಮೇಲಿಂದ ತಪ್ಪನ್ನು ಮುಚ್ಚಿಡುತ್ತದೆ. ಕ್ಯೂಎಂಯು ಇಲ್ಲದ ಯಂತ್ರಕ್ಕೆ ಹೋದಾಗ ಅದೇ ಎರರ್ ಮತ್ತೆ ಬರುತ್ತದೆ. ಬೋರ್ಡಿನ ಟೆಸ್ಟುಗಳನ್ನು ಓಡಿಸಲು ಕ್ಯೂಎಂಯು ಬಳಸಿ, ಬಿಲ್ಡ್‌ಗೆ ಖಂಡಿತ ಬೇಡ.

ಈಗ ಆಪ್ಟ್‌ನ ಪ್ರೊಟೊಸಿ ತೆಗೆಯಿರಿ. ಸಿಮೇಕ್‌ನಲ್ಲಿ ಪ್ರೊಟೊಸಿಯ ದಾರಿ ಕೈಯಾರೆ ಬರೆದಿದ್ದರೆ ಅದನ್ನೂ ಅಳಿಸಿ. ಟೂಲಿನ ದಾರಿಯನ್ನು ಕಾನನ್ ತಾನೇ ಬಿಲ್ಡ್ ಪರಿಸರದ ಪಾಥ್‌ಗೆ ಸೇರಿಸುತ್ತದೆ. ಬಿಲ್ಡ್ ಫೋಲ್ಡರ್ ಖಾಲಿ ಮಾಡಿ ಮೊದಲಿಂದ ಶುರುಮಾಡಿ. ಮುಗಿದ ಮೇಲೆ ‘ಫೈಲ್’ ಕಮಾಂಡಿನಿಂದ ನೋಡಿ: ಪ್ರೊಟೊಸಿ ಎಕ್ಸ್86-64 ಅನ್ನಬೇಕು, ನಿಮ್ಮ ಪ್ರೋಗ್ರಾಂ ಆರ್ಮ್ ಅನ್ನಬೇಕು. ಗೆಳೆಯನ ಲ್ಯಾಪ್‌ಟಾಪಿನಲ್ಲೂ ಇದನ್ನೇ ಮಾಡಿ ನೋಡಿ.