ಹತ್ತು ದಿನ, ಅದೂ ಗಂಟೆ ಲೆಕ್ಕದಲ್ಲಿ

ಪ್ರಶ್ನೆ: ನಾನು ವಿರಾಜಪೇಟೆ ಕಡೆಯವನು, ಈಗ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇನೆ. ಗ್ರೀನ್ ಕಾರ್ಡ್ ಬಂದು 4 ವರ್ಷವಾಯಿತು. ಹೋದ ವರ್ಷ ಅಂಗಡಿಯಲ್ಲಿ ಒಂದು ಪಿಸ್ತೂಲು ಕೊಂಡೆ. ಈಗ ಜೊತೆಯಲ್ಲಿ ಕೆಲಸ ಮಾಡುವವನೊಬ್ಬ ನಿವೃತ್ತನಾಗಿ ಐಡಹೋಗೆ ಹೊರಟಿದ್ದಾನೆ. ತನ್ನ ಪಿಸ್ತೂಲನ್ನು ನನಗೇ ಮಾರುತ್ತೇನೆ ಅಂತಾನೆ. 11 ವರ್ಷದ ಸ್ನೇಹ. ದುಡ್ಡು ಕೊಟ್ಟು ತಗೊಂಡರೆ ಮುಗೀತಲ್ಲ ಅಂದರೆ, ಡೀಲರ್ ಹತ್ತಿರ ಹೋಗಬೇಕು, 10 ದಿನ ಕಾಯಬೇಕು ಅನ್ನುತ್ತಾರೆ. ಮನೆಯಲ್ಲಿ ಆಗಲೇ ಒಂದು ಇಟ್ಟುಕೊಂಡವನಿಗೆ ಈ ಕಾಯುವ ಶಾಸ್ತ್ರ ಯಾಕೆ? ನಮ್ಮೂರಲ್ಲಿ ಕೋವಿಗೆ ಲೈಸೆನ್ಸೇ ಬೇಡ!
— ಹೆಸರು ಬೇಡ, ಫ್ರೀಮಾಂಟ್

ಉತ್ತರ: ನಿಮ್ಮ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಇರುವುದು ನಿಜ. ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿದೆ, 2021ರಲ್ಲಿ ನಮ್ಮ ಹೈಕೋರ್ಟೂ ಎತ್ತಿಹಿಡಿದಿದೆ. ಕೈಲ್‌ಪೊಳ್ದ್ ದಿನ ಕೋವಿಯ ಬಾಯಿಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡುವ ಮನೆಯವರು ನೀವು. ನಾನು ಮೂಡಿಗೆರೆ ಕಡೆಯವನು. ನಮ್ಮ ಅಜ್ಜನ ಕೋವಿ ಜಗಲಿಯ ಗೋಡೆಗೆ ನೇತಾಡುತ್ತಿತ್ತು, ಪಕ್ಕದಲ್ಲಿ ಪಂಚಾಂಗ. ಆದರೆ ಅದೆಲ್ಲ ಅಲ್ಲಿ. ಇಲ್ಲಿನ ಕೌಂಟರಿನಲ್ಲಿ ನಿಂತು ಕೊಡಗಿನ ವಿಷಯ ಹೇಳಿದರೆ ಹುಡುಗ ನಗುತ್ತಾ ಕೇಳುತ್ತಾನೆ. ಕೇಳಿದ ಮೇಲೆ ಅರ್ಜಿ ಮುಂದಿಡುತ್ತಾನೆ.

ಕ್ಯಾಲಿಫೋರ್ನಿಯಾದಲ್ಲಿ ಇಬ್ಬರು ಖಾಸಗಿ ವ್ಯಕ್ತಿಗಳ ನಡುವೆ ಪಿಸ್ತೂಲು ಕೈ ಬದಲಾಗಬೇಕಾದರೆ ಲೈಸೆನ್ಸ್ ಇರುವ ಡೀಲರ್ ಮೂಲಕವೇ ಆಗಬೇಕು. ಪಿಪಿಟಿ ಅಂತಾರೆ, ಪ್ರೈವೇಟ್ ಪಾರ್ಟಿ ಟ್ರಾನ್ಸ್‌ಫರ್. ಸ್ನೇಹ 11 ವರ್ಷದ್ದಾದರೂ ಅಷ್ಟೇ, 11 ನಿಮಿಷದ್ದಾದರೂ ಅಷ್ಟೇ. ಕೈಯಿಂದ ಕೈಗೆ ಕೊಟ್ಟರೆ ಇಬ್ಬರದೂ ಅಪರಾಧ.

ನಡೆಯುವುದು ಹೀಗೆ. ಇಬ್ಬರೂ ಒಟ್ಟಿಗೆ ಅಂಗಡಿಗೆ ಹೋಗಬೇಕು. ಡೀಲರ್ ನಿಮ್ಮ ವಿವರವನ್ನು ಕಂಪ್ಯೂಟರಿನಲ್ಲಿ ರಾಜ್ಯದ ನ್ಯಾಯ ಇಲಾಖೆಗೆ ಕಳಿಸುತ್ತಾನೆ. ಅದರ ಹೆಸರು ಡೀಲರ್ಸ್ ರೆಕಾರ್ಡ್ ಆಫ್ ಸೇಲ್, ಕೌಂಟರಿನಲ್ಲಿ ಎಲ್ಲರ ಬಾಯಲ್ಲೂ ಡಿರಾಸ್. ಪಿಸ್ತೂಲು ಅಂದೇ ಅಂಗಡಿಯ ತಿಜೋರಿ ಸೇರುತ್ತದೆ. ಮಾರುವವನು ಸಹಿ ಹಾಕಿ ಹೊರಟರೆ ಅವನ ಕೆಲಸ ಮುಗೀತು, ಮತ್ತೆ ಬರಬೇಕಿಲ್ಲ. ನಿಮ್ಮ ಅರ್ಜಿ ತಿರಸ್ಕಾರವಾದರೆ ಮಾತ್ರ ಪಿಸ್ತೂಲು ಅವನಿಗೇ ವಾಪಸ್. ಆದ್ದರಿಂದ ಅವನು ಐಡಹೋಗೆ ಸಾಮಾನು ಕಟ್ಟುವ ಮುಂಚೆಯೇ ಇದನ್ನು ಮುಗಿಸಿಕೊಳ್ಳಿ. ಅವನು ಅಲ್ಲಿಯ ನಿವಾಸಿಯಾದ ಮೇಲೆ ಇದು ಎರಡು ರಾಜ್ಯಗಳ ವ್ಯವಹಾರವಾಗುತ್ತದೆ. ಫೆಡರಲ್ ಕಾನೂನು ನಡುವೆ ಬಂದು ಕೂರುತ್ತದೆ, ತಲೆನೋವು ಜಾಸ್ತಿ.

ಖರ್ಚು ದೊಡ್ಡದೇನಲ್ಲ. 2022ರಲ್ಲಿ ನಾನು ಕೊಟ್ಟಿದ್ದು ಸರ್ಕಾರಕ್ಕೆ 37 ಡಾಲರ್ 19 ಸೆಂಟ್, ಅಂಗಡಿಗೆ 10 ಡಾಲರ್. ಖಾಸಗಿ ವ್ಯವಹಾರಕ್ಕೆ ಅಂಗಡಿಯವರು ಒಂದು ಗನ್ನಿಗೆ 10ಕ್ಕಿಂತ ಜಾಸ್ತಿ ಕೇಳುವ ಹಾಗಿಲ್ಲ. ಅದಕ್ಕೇ ಕೆಲವು ಕಡೆ ಪಿಪಿಟಿ ಅಂದ ಕೂಡಲೇ ಮುಖ ಸಣ್ಣದಾಗುತ್ತದೆ. ಫೈರ್‌ಆರ್ಮ್ ಸೇಫ್ಟಿ ಸರ್ಟಿಫಿಕೇಟ್ ಹೋದ ವರ್ಷವೇ ಮಾಡಿಸಿರುತ್ತೀರಿ. 30 ಪ್ರಶ್ನೆಯಲ್ಲಿ 23 ಸರಿ ಮಾಡಿ, 25 ಡಾಲರ್ ಕೊಟ್ಟು ತಗೊಂಡ ಕಾರ್ಡು ಅದು. 5 ವರ್ಷ ನಡೆಯುತ್ತದೆ, ಹುಡುಕಿಟ್ಟುಕೊಳ್ಳಿ. ವಿಳಾಸಕ್ಕೆ ಕರೆಂಟ್ ಬಿಲ್ಲೋ ಬಾಡಿಗೆ ಕರಾರೋ ಒಂದು ಇರಲಿ. ಪಿಸ್ತೂಲು ಖಾಲಿ ಇದೆಯೇ ಅಂತ ನೋಡುವುದು, ಬೀಗ ಹಾಕುವುದು, ಇವನ್ನೆಲ್ಲ ಕೌಂಟರಿನಲ್ಲಿ ಇನ್ನೊಮ್ಮೆ ಮಾಡಿ ತೋರಿಸಬೇಕು.

ಇನ್ನು ಆ 10 ದಿನ. ಎಲ್ಲರೂ ಎಡವುವುದು ಇಲ್ಲೇ, ನಾನೂ ಎಡವಿದೆ. ಕಾನೂನು ಹೇಳುವುದು 24 ಗಂಟೆಯ ಹತ್ತು ಸುತ್ತು. ನನ್ನ ಡಿರಾಸ್ ಹೋಗಿದ್ದು ಒಂದು ಶನಿವಾರ ಸಂಜೆ 4 ಗಂಟೆ 40 ನಿಮಿಷಕ್ಕೆ. ಬೆರಳು ಮಡಿಸಿ ಲೆಕ್ಕ ಹಾಕಿ ಮಂಗಳವಾರ ಬೆಳಗ್ಗೆ 11ಕ್ಕೆ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಹೋದೆ. ಕೌಂಟರಿನ ಹುಡುಗಿ ಕಂಪ್ಯೂಟರ್ ಪರದೆಯನ್ನೇ ನನ್ನ ಕಡೆ ತಿರುಗಿಸಿದಳು. ತಾರೀಕು, ಗಂಟೆ, ನಿಮಿಷ, ಎಲ್ಲಾ ಇತ್ತು. ‘ಇನ್ನೂ 5 ಗಂಟೆ 40 ನಿಮಿಷ ಇದೆ’ ಅಂದಳು. ಮನೆಗೆ ಹೋಗಿ ಬರೋಣ ಅಂದರೆ ದೂರ. ಎದುರಿನ ಟಾಕೊ ಅಂಗಡಿಯಲ್ಲಿ ಕೂತೆ. ಎರಡು ಸಲ ತಿಂದೆ. ಸಂಜೆ 4.40ಕ್ಕೆ ಒಳಗೆ ಹೋದಾಗ ಅವಳು ನಕ್ಕಿದ್ದು ಈಗಲೂ ನೆನಪಿದೆ. ನೀವು ಬೆಳಗ್ಗೆಯೇ ಅರ್ಜಿ ಹಾಕಿ, ಬೆಳಗ್ಗೆಯೇ ಸಿಗುತ್ತದೆ.

ಇನ್ನೊಂದು, ಇದು ನಮ್ಮ ಜನಕ್ಕೇ ವಿಶೇಷವಾಗಿ ಹೇಳಬೇಕಾದ್ದು. ಅರ್ಜಿ ಕಳಿಸಿದ ದಿನದಿಂದ 30 ದಿನದೊಳಗೆ ಬಂದು ಒಯ್ಯದಿದ್ದರೆ ಅದು ರದ್ದು. ಮತ್ತೆ ಶುಲ್ಕ, ಮತ್ತೆ 10 ದಿನ. ಡಿರಾಸ್ ಮಾಡಿಸಿ ಮಾರನೇ ವಾರ ಐದು ವಾರಕ್ಕೆ ಊರಿಗೆ ಹಾರಿದರೆ ನಿಮ್ಮ ದುಡ್ಡು ಹೋಯಿತು ಅಂತಲೇ ಲೆಕ್ಕ. ನಿಮ್ಮ ದಾಖಲೆಯಲ್ಲಿ ಏನಾದರೂ ಅರ್ಧಂಬರ್ಧ ಕಂಡರೆ ಇಲಾಖೆಯವರು ಈ ಕಾಯುವಿಕೆಯನ್ನೇ 30 ದಿನದವರೆಗೆ ಎಳೆಯಬಹುದು. ಹೆಸರಿನಲ್ಲಿ ಇನಿಶಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಇರುವ ನಮ್ಮಂಥವರು ಎಲ್ಲಾ ಕಾಗದದಲ್ಲೂ ಒಂದೇ ಥರ ಬರೆಯುವುದು ಒಳ್ಳೆಯದು.

ಆಗಲೇ ಒಂದು ಇದ್ದವನಿಗೆ ಯಾಕೆ ಅಂತ ಕೇಳಿದಿರಿ. ಒಳ್ಳೆಯ ಪ್ರಶ್ನೆ. ಇದೇ ಪ್ರಶ್ನೆ ಕೋರ್ಟಿಗೂ ಹೋಗಿತ್ತು. ಸಿಲ್ವೆಸ್ಟರ್ ಪ್ರಕರಣ. 2014ರಲ್ಲಿ ಫ್ರೆಸ್ನೋದ ಫೆಡರಲ್ ನ್ಯಾಯಾಧೀಶರು ನಿಮ್ಮ ಮಾತನ್ನೇ ಆಡಿದರು: ಆಗಲೇ ಗನ್ ಇದೆ, ದಾಖಲೆ ಪರಿಶೀಲನೆ ಬೇಗ ಮುಗಿದಿದೆ, ಮತ್ತೆ ಯಾಕೆ ಕೂರಿಸಬೇಕು ಅಂತ. 2016ರ ಡಿಸೆಂಬರ್‌ನಲ್ಲಿ ಮೇಲಿನ ಕೋರ್ಟು ಅದನ್ನು ತಿರುಗಿಸಿತು. ಈ ಅವಧಿ ದಾಖಲೆ ನೋಡುವುದಕ್ಕಷ್ಟೇ ಅಲ್ಲ, ಮನಸ್ಸು ತಣ್ಣಗಾಗುವುದಕ್ಕೂ ಹೌದು ಅಂದಿತು. ಮನೆಯಲ್ಲಿ ಒಂದು ಇದ್ದವನೂ ಸಿಟ್ಟಿನಲ್ಲಿ ಅದಕ್ಕಿಂತ ದೊಡ್ಡದನ್ನು ಹುಡುಕಿಕೊಂಡು ಬರಬಹುದಲ್ಲವೇ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಆ ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲಿಲ್ಲ. ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಒಬ್ಬರೇ ಸಿಟ್ಟಾಗಿ ಭಿನ್ನಾಭಿಪ್ರಾಯ ಬರೆದರು. ನೀವು ಓದಿದರೆ ನಿಮಗೆ ಇಷ್ಟವಾಗುತ್ತದೆ, ಆದರೆ ಅದರಿಂದ ಪಿಸ್ತೂಲು ಬೇಗ ಸಿಗುವುದಿಲ್ಲ.

ಈ ನಿಯಮ ಇವತ್ತಿನದೂ ಅಲ್ಲ. 1923ರಲ್ಲಿ ‘ಕೊಂಡ ದಿನವೇ ಕೊಡಬಾರದು’ ಅಂತ ಶುರುವಾಯಿತು. 1955ರಲ್ಲಿ 3 ದಿನ, 1965ರಲ್ಲಿ 5, 1975ರಲ್ಲಿ 15. ಕಂಪ್ಯೂಟರ್ ಬಂದು ದಾಖಲೆ ನೋಡುವುದು ಸಲೀಸಾದ ಮೇಲೆ 1996ರಲ್ಲಿ 10ಕ್ಕೆ ಇಳಿಸಿದರು. ಅಂದರೆ ನಿಮ್ಮ ಅದೃಷ್ಟ, ಐದು ದಿನ ಉಳೀತು!

ನನಗೂ ಮೊದಲು ಇದು ಸುಮ್ನೆ ಕಾಟ ಅಂತಲೇ ಅನಿಸಿತ್ತು. ನಾನು ಕೊಂಡಿದ್ದು ನಮ್ಮ ಬೀದಿಯ ಅಜ್ಜನ .38 ರಿವಾಲ್ವರ್. ವಯಸ್ಸು 81. ಆ ವರ್ಷ ಮಾರ್ಚಿನಲ್ಲಿ ಹೆಂಡತಿ ತೀರಿಕೊಂಡಿದ್ದರು. ಅಂಗಡಿಗೆ ಹೋಗುವಾಗ ಕಾರಿನಲ್ಲಿ ಕೇಳಿದೆ, ಇಷ್ಟು ವರ್ಷ ಇಟ್ಟುಕೊಂಡು ಈಗ ಯಾಕೆ ಮಾರುತ್ತೀರಿ ಅಂತ. ಹೊರಗೆ ನೋಡುತ್ತಾ, ‘ರಾತ್ರಿ ನಿದ್ದೆ ಬರಲ್ಲ, ಆ ಡ್ರಾಯರ್ ಕಡೆಗೇ ನೋಡ್ತಾ ಕೂತಿರ್ತೀನಿ’ ಅಂದರು. ಆಮೇಲೆ ಅಂಗಡಿ ಬರುವವರೆಗೂ ಇಬ್ಬರೂ ಮಾತಾಡಲಿಲ್ಲ. ಕೌಂಟರಿನಲ್ಲಿ ಅವರು ರಿವಾಲ್ವರನ್ನು ಒಂದು ಹಳೆಯ ಅಡುಗೆಮನೆ ಟವಲ್ಲಿನಲ್ಲಿ ಸುತ್ತಿದ್ದರು. ಬಿಚ್ಚಿ ಕೊಟ್ಟು, ಟವಲ್ಲನ್ನು ನಾಲ್ಕು ಮಡಿಕೆ ಮಡಿಸಿ ಜೇಬಿಗೆ ಹಾಕಿಕೊಂಡರು. ಅವರ ಡ್ರಾಯರ್ ಅವತ್ತೇ ಖಾಲಿಯಾಯಿತು. ಕಾಯಬೇಕಾಗಿದ್ದು ನಾನು.

ಈ ದೇಶದಲ್ಲಿ ಗುಂಡಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಮ್ಮನ್ನು ತಾವೇ ಕೊಂದುಕೊಂಡವರು. 2017ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಸಂಶೋಧಕರು ರಾಜ್ಯ ರಾಜ್ಯದ ಅಂಕಿ ತೆಗೆದು ನೋಡಿದಾಗ, ಕಾಯಿಸುವ ಕಾನೂನು ಬಂದ ಕಡೆ ಗನ್ನಿನಿಂದಾದ ಕೊಲೆ ಸುಮಾರು ಶೇ. 17ರಷ್ಟು ಕಡಿಮೆ ಕಂಡಿತು, ಆತ್ಮಹತ್ಯೆಯೂ ಇಳಿದಿತ್ತು. ನೀವು ಅಂಥವರಲ್ಲ, ಗೊತ್ತು. ಆದರೆ ಕೌಂಟರಿನ ಹುಡುಗಿಗೆ ಅದು ಹೇಗೆ ಗೊತ್ತಾಗಬೇಕು?

ಪ್ರಶ್ನೆ: ಡಾಲಸ್‌ನಲ್ಲಿರುವ ನನ್ನ ಚಿಕ್ಕಪ್ಪನ ಮಗ ಪಕ್ಕದ ಮನೆಯವರಿಂದ ಒಂದೇ ಸಂಜೆಯಲ್ಲಿ ಪಿಸ್ತೂಲು ಕೊಂಡ. ಅದು ಸರಿಯೇ? ನಾನು ಸಿಯಾಟಲ್ ಹತ್ತಿರ ಇದ್ದೇನೆ.
— ಬೆಲ್‌ವ್ಯೂ

ಉತ್ತರ: ಟೆಕ್ಸಾಸ್‌ನಲ್ಲಿ ಸರಿ. ಅಲ್ಲಿ ಕಾಯುವ ಅವಧಿಯೂ ಇಲ್ಲ, ಒಂದೇ ರಾಜ್ಯದ ಇಬ್ಬರು ಡೀಲರ್ ಬಳಿ ಹೋಗಬೇಕೆಂದೂ ಇಲ್ಲ. ನಿಮ್ಮ ವಾಷಿಂಗ್ಟನ್‌ನಲ್ಲಿ ಖಾಸಗಿ ಮಾರಾಟವೂ ಡೀಲರ್ ಮೂಲಕವೇ ಆಗಬೇಕು. 2014ರಲ್ಲಿ ಜನರೇ ಮತ ಹಾಕಿ ತಂದ ಕಾನೂನು ಅದು. 2024ರ ಜನವರಿ 1ರಿಂದ 10 ದಿನ ಕಾಯುವುದೂ ಬಂದಿದೆ. ಅದೂ ಕೆಲಸದ ದಿನಗಳ ಲೆಕ್ಕ! ಶನಿವಾರ ಭಾನುವಾರ ಬಿಟ್ಟರೆ ಎರಡು ವಾರವಾಗುತ್ತದೆ. ಹವಾಯಿಯಲ್ಲಿ 14 ದಿನ, ಇಲಿನಾಯ್‌ನಲ್ಲಿ 72 ಗಂಟೆ. ಒಂದು ಕಾಲದಲ್ಲಿ ದೇಶಕ್ಕೆಲ್ಲ 5 ದಿನದ ನಿಯಮವಿತ್ತು. 1981ರಲ್ಲಿ ರೇಗನ್ ಮೇಲೆ ಗುಂಡು ಹಾರಿದಾಗ ತಲೆಗೆ ಪೆಟ್ಟು ತಿಂದ ಜೇಮ್ಸ್ ಬ್ರೇಡಿ ಹೆಸರಿನ ಕಾಯಿದೆ. 1994ರ ಫೆಬ್ರವರಿಯಿಂದ 1998ರ ನವೆಂಬರ್‌ವರೆಗೆ ನಡೆಯಿತು. ಕಂಪ್ಯೂಟರಿನಲ್ಲಿ ತಕ್ಷಣ ನೋಡುವ ವ್ಯವಸ್ಥೆ ಬಂದ ಮೇಲೆ ಹೋಯಿತು. ಚಿಕ್ಕಪ್ಪನ ಮಗನ ಹತ್ತಿರ ಮಾತ್ರ ನೀವು ಏನನ್ನೂ ಕೊಳ್ಳಬೇಡಿ. ರಾಜ್ಯ ಬೇರೆ.

ಪ್ರಶ್ನೆ: ನಮ್ಮ ಯಜಮಾನರದು ಎಚ್-1ಬಿ, ನನ್ನದು ಎಚ್-4. ಅವರ ಗೆಳೆಯರು ಶೂಟಿಂಗ್ ರೇಂಜಿಗೆ ಕರೆಯುತ್ತಿದ್ದಾರೆ, ಒಬ್ಬರು ಪಿಸ್ತೂಲು ಮಾರುವುದಕ್ಕೂ ತಯಾರಿದ್ದಾರೆ. ‘10 ದಿನ ಕಾದರೆ ಆಯಿತು’ ಅನ್ನುತ್ತಾರೆ ಇವರು. ನನಗೆ ಭಯ.
— ಸನ್ನಿವೇಲ್

ಉತ್ತರ: ಅಮ್ಮ, ನಿಮ್ಮ ಭಯ ಸರಿಯಾಗಿದೆ. ಇಲ್ಲಿ 10 ದಿನದ ಮಾತೇ ಬರುವುದಿಲ್ಲ. ವಲಸೆಯದಲ್ಲದ ವೀಸಾದಲ್ಲಿ ಬಂದವರು ಗನ್ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ನಿಷೇಧಿಸಿದೆ. ಎಚ್-1ಬಿ, ಎಚ್-4, ಎಲ್-1, ಎಫ್-1, ಎಲ್ಲಾ ಅದರಲ್ಲೇ. ರೇಂಜಿನಲ್ಲಿ ಬಾಡಿಗೆಗೆ ತಗೊಂಡು ಹಿಡಿದರೂ ಇಟ್ಟುಕೊಂಡ ಹಾಗೇ ಲೆಕ್ಕ. ಬೇಟೆ ಲೈಸೆನ್ಸ್ ಇದ್ದವರಿಗೆ ಒಂದು ವಿನಾಯಿತಿ ಇದೆ, ಅದನ್ನೇ ಹಿಡಿದುಕೊಂಡು ಕೆಲವರು ಓಡಾಡುತ್ತಾರೆ. ವಲಸೆ ವಕೀಲರನ್ನು ಕೇಳದೆ ಆ ದಾರಿ ಹಿಡಿಯಬೇಡಿ. ತಪ್ಪಾದರೆ 15 ವರ್ಷದವರೆಗೆ ಜೈಲು, ಗ್ರೀನ್ ಕಾರ್ಡಿನ ಆಸೆಗೂ ಕಲ್ಲು. ರೇಂಜಿಗೆ ಹೋಗುವ ದಿನ ಅವರಿಗೆ ಮನೆಯಲ್ಲೇ ಏನಾದರೂ ಕೆಲಸ ಹಚ್ಚಿ. ಗ್ರೀನ್ ಕಾರ್ಡ್ ಬಂದ ಮೇಲೆ ನೋಡಿಕೊಳ್ಳಲಿ.

ಪ್ರಶ್ನೆ: ನಮ್ಮ ಮಾವನವರಿಗೆ 76. ಲೈಸೆನ್ಸ್ ಇರುವ ರಿವಾಲ್ವರ್ ಇದೆ. ಪಕ್ಕದ ತೋಟದವರು ಕೊಳ್ಳುತ್ತಾರಂತೆ, ಅವರಿಗೂ ಲೈಸೆನ್ಸ್ ಇದೆ. ಅಮೆರಿಕದ ಹಾಗೆ ಇಲ್ಲಿ ಕಾಯುವ ರಗಳೆ ಇಲ್ಲ ಅಲ್ವಾ?
— ಸಕಲೇಶಪುರ

ಉತ್ತರ: ಇದೆ, ಅಮೆರಿಕಕ್ಕಿಂತ ಜಾಸ್ತಿಯೇ ಇದೆ! ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ, ಮಾರುವ ಮುಂಚೆ ಜಿಲ್ಲಾಧಿಕಾರಿಗೋ ಹತ್ತಿರದ ಪೊಲೀಸ್ ಠಾಣೆಯ ಅಧಿಕಾರಿಗೋ ಬರವಣಿಗೆಯಲ್ಲಿ ತಿಳಿಸಬೇಕು. ಕೊಳ್ಳುವವರ ಹೆಸರು, ವಿಳಾಸ ಅದರಲ್ಲಿರಬೇಕು. ತಿಳಿಸಿ 45 ದಿನ ಕಳೆದ ಮೇಲೆಯೇ ಕೊಡಬೇಕು. ಕ್ಯಾಲಿಫೋರ್ನಿಯಾದ ನಾಲ್ಕೂವರೆ ಪಟ್ಟು. ಇದು ಇಲ್ಲಿನ ಗೆಳೆಯರಿಗೆ ಹೇಳಿದರೆ ನಂಬುವುದಿಲ್ಲ.

ಪಕ್ಕದವರ ಲೈಸೆನ್ಸಿನಲ್ಲಿ ರಿವಾಲ್ವರಿಗೆ ಅವಕಾಶ ಇದೆಯೇ ನೋಡಿ. ತೋಟದ ಮನೆಗಳಲ್ಲಿ ಹೆಚ್ಚಾಗಿ ಇರುವುದು ತೋಟಾ ಕೋವಿಯ ಲೈಸೆನ್ಸ್, ಅದರಲ್ಲಿ ರಿವಾಲ್ವರ್ ಸೇರುವುದಿಲ್ಲ. 2019ರ ತಿದ್ದುಪಡಿಯ ನಂತರ ಒಬ್ಬರ ಹತ್ತಿರ ಎರಡೇ ಇರಬಹುದು, ಮೊದಲು ಮೂರಿತ್ತು. ಅವರ ಮನೆಯಲ್ಲಿ ಆಗಲೇ ಎರಡಿದ್ದರೆ ಮಾತು ಅಲ್ಲಿಗೇ ನಿಂತಿತು.

ಎಲ್ಲಾ ಸರಿ ಇದ್ದರೆ ಮಾವನವರ ಕೈಯಿಂದಲೇ ಅರ್ಜಿ ಬರೆಸಿ. ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ ‘ಆಯ್ತು ಹೋಗಿ’ ಅಂದರೆ ಜಾಗ ಬಿಟ್ಟು ಏಳಬೇಡಿ. ಆ ತಾರೀಕಿನಿಂದ 45 ಎಣಿಸಿ. ಗಂಟೆ ನಿಮಿಷ ನೋಡಬೇಕಾಗಿಲ್ಲ, ನನ್ನ ಹಾಗೆ ಎದುರಿನ ಹೋಟೆಲಿನಲ್ಲಿ ಕೂರುವುದೂ ಬೇಡ.