ಚಿತ್ರ ನಿಮ್ಮದು, ಮುಖ ಅವರದು

ಪ್ರಶ್ನೆ: ನಾನು ಧಾರವಾಡದ ಪೋರ್ಟ್ರೇಟ್ ಫೋಟೊಗ್ರಾಫರ್. ಮದುವೆ ಸೀಸನ್ ಹೊಟ್ಟೆಪಾಡಿಗೆ, ಉಳಿದ ದಿನ ನನ್ನಿಷ್ಟದ ಕೆಲಸ. ಒಬ್ಬ ಹಿಂದೂಸ್ತಾನಿ ಗಾಯಕಿಯ ಜೊತೆ ಸೇರಿ ಒಂದು ಕಾರ್ಯಕ್ರಮ ಕಟ್ಟಿದ್ದೇನೆ. ಅವರ ರಿಯಾಜ್ (ಹಾಡಿನ ಅಭ್ಯಾಸ), ಅವರ ಗುರುಗಳು, ಮೀರಜಿನಲ್ಲಿ ಅವರಿಗೆ ತಂಬೂರಿ ಮಾಡಿಕೊಟ್ಟ ಹಿರಿಯರು, ಎಲ್ಲರ ಫೋಟೊ ತೆಗೆದೆ. ಅವರಿಂದ ಒಂದು ರೂಪಾಯಿ ತಗೊಂಡಿಲ್ಲ. ಹಿಂದಿನ ಪರದೆಯಲ್ಲಿ ಚಿತ್ರಗಳು, ಮುಂದೆ ಅವರ ಹಾಡು. ಇಲ್ಲಿ ಜನ ಮೆಚ್ಚಿದರು. ಈಗ ಬೆಂಗಳೂರಿನಲ್ಲಿ ಎರಡನೇ ಪ್ರದರ್ಶನ. ಪೋಸ್ಟರಿನ ಕರಡು ನೋಡಿದರೆ ಅವರ ಹೆಸರು ಮೇಲೆ ದಪ್ಪಗೆ, ನನ್ನದು ತಬಲಾ, ಹಾರ್ಮೋನಿಯಂ ಎಲ್ಲ ಆದಮೇಲೆ ‘ಸಹಕಾರ’ದ ಕೆಳಗೆ. ಕೇಳಿದರೆ ‘ಹಾಡೋದು ನಾನಲ್ವಾ’ ಎಂದರು. ಸಾಲದ್ದಕ್ಕೆ ಒಂದು ಫೋಟೊ ತೆಗೆದುಹಾಕಿ ಅಂತಿದ್ದಾರೆ. ದ್ರುತ್‌ನಲ್ಲಿ (ವೇಗದ ಲಯದಲ್ಲಿ) ತಾನ್, ಅಂದರೆ ಸ್ವರಗಳ ಓಟ, ಹೊಡೆಯುವಾಗ ತೆಗೆದದ್ದು. ಕತ್ತಿನ ನರ ಉಬ್ಬಿದೆ, ಬಾಯಿ ಒಂದು ಕಡೆಗೆ ಎಳೆದಿದೆ. ನಾನು ತೆಗೆದ ಫೋಟೊಗಳಲ್ಲೇ ಅದು ಮೇಲು ಎಂದು ಗೆಳೆಯರೆಲ್ಲ ಹೇಳುತ್ತಾರೆ. ‘ಹೆಸರು ಸಮ ಹಾಕಿದರೆ ಫೋಟೊ ತೆಗೆದುಹಾಕ್ತೀನಿ’ ಅನ್ನಬೇಕು ಅಂತಿದ್ದೇನೆ. ಸರಿನಾ? ಇಲ್ಲ, ಇಲ್ಲಿಗೇ ಬಿಟ್ಟುಬಿಡಲಾ?
– ಹೆಸರು ಬೇಡ, ಧಾರವಾಡ (ಪತ್ರವನ್ನು ಸಂಕ್ಷೇಪಿಸಲಾಗಿದೆ)

ಉತ್ತರ: ಆ ಮಾತನ್ನು ಇನ್ನೂ ಅವರಿಗೆ ಹೇಳಿಲ್ಲ ತಾನೇ? ಹೇಳಬೇಡಿ. ಫೋಟೊ ವಿಷಯದಲ್ಲಿ ಅವರು ಸರಿ. ಹೆಸರಿನ ವಿಷಯದಲ್ಲಿ ನೀವು ಸರಿ. ಒಂದನ್ನು ಕೊಟ್ಟು ಇನ್ನೊಂದನ್ನು ಪಡೆಯಲು ಹೋದರೆ, ನಿಮಗೆ ನ್ಯಾಯವಾಗಿ ಸಿಗಬೇಕಾದ ಹೆಸರು ಚೌಕಾಸಿಯಲ್ಲಿ ಗಿಟ್ಟಿಸಿದ್ದು ಅನ್ನಿಸಿಕೊಳ್ಳುತ್ತದೆ. ಅವರ ಮುಖ ಒತ್ತೆ ಇಟ್ಟ ಹಾಗೂ ಆಗುತ್ತದೆ.

ಮೊದಲು ಫೋಟೊ. ಆ ಉಬ್ಬಿದ ನರದಲ್ಲಿ ನಿಮಗೆ ಅವರ ಅಷ್ಟು ವರ್ಷದ ಮೆಹನತ್ತು ಕಾಣುತ್ತದೆ. ಅವರಿಗೆ ಅಲ್ಲಿ ಕಾಣುವುದು ತಪ್ಪು. ಇದನ್ನು ಜಂಬ ಅಂದುಕೊಳ್ಳಬೇಡಿ. ಅವರ ವಿದ್ಯೆಯೇ ಹಾಗೆ ಕಲಿಸಿದೆ. 13ನೇ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವ ತನ್ನ ‘ಸಂಗೀತ ರತ್ನಾಕರ’ದಲ್ಲಿ ಹಾಡುಗಾರರ 25 ದೋಷಗಳನ್ನು ಪಟ್ಟಿ ಮಾಡಿದ್ದಾನೆ. ಹಲ್ಲು ಕಚ್ಚಿ ಹಾಡುವುದು, ಬಾಯಿ ಅತಿಯಾಗಿ ತೆರೆಯುವುದು, ಕೆನ್ನೆ ಉಬ್ಬಿಸುವುದು, ಕತ್ತು ಸೊಟ್ಟ ಮಾಡುವುದು, ಮುಖದ ಮತ್ತು ಕತ್ತಿನ ನರ ಎದ್ದು ಕಾಣುವುದು ಎಲ್ಲ ಅದರಲ್ಲಿವೆ. ಕಣ್ಣು ಮುಚ್ಚಿ ಹಾಡುವುದೂ ದೋಷವಂತೆ. (ಹಾಗೆ ನೋಡಿದರೆ ಪಾಸಾಗುವವರು ಎಷ್ಟು ಜನ, ಬಿಡಿ.) ಇವತ್ತಿಗೂ ಎಷ್ಟೋ ಗುರುಗಳು ಶಿಷ್ಯರನ್ನು ಕನ್ನಡಿ ಮುಂದೆ ಕೂರಿಸಿ ಹಾಡಿಸುತ್ತಾರೆ. ಚಿಕ್ಕಂದಿನಿಂದ ತಿದ್ದಿಕೊಳ್ಳುತ್ತಾ ಬಂದದ್ದನ್ನೇ ನೀವು ಅಷ್ಟು ದೊಡ್ಡದು ಮಾಡಿ ಪರದೆ ಮೇಲೆ ಹಾಕುತ್ತಿದ್ದೀರಿ.

ಭೀಮಸೇನ ಜೋಶಿ ಹಾಡುವಾಗ ಕೈ, ಕತ್ತು, ಮುಖ, ಇಡೀ ಮೈ ಹಾಡುತ್ತಿತ್ತಲ್ಲ ಅಂತ ನೀವು ಕೇಳಬಹುದು. ನಿಜ. ಅಂಥ ಫೋಟೊಗಳನ್ನು ಜನ ಪ್ರೀತಿಯಿಂದ ನೋಡುತ್ತಾರೆ. ಅದೇ ಮುಖ ಹೆಂಗಸಿನದಾದರೆ? ಸಭೆಯಲ್ಲಿ ಒಬ್ಬ ಪುಣ್ಯಾತ್ಮ ಮೊಬೈಲ್ ಎತ್ತಿ ತೆಗೆದು, ರಾತ್ರಿಯೊಳಗೆ ವಾಟ್ಸ್ಆ್ಯಪ್ ಸ್ಟಿಕ್ಕರ್ ಮಾಡಿರುತ್ತಾನೆ. ಇನ್ನೊಂದು ವಿಷಯ ನೀವು ಯೋಚಿಸಿದ್ದೀರೋ ಇಲ್ಲವೋ. ಆ ಚಿತ್ರ ಬರುವಾಗ ಅವರು ಪರದೆಗೆ ಬೆನ್ನು ಹಾಕಿ ಕೂತಿರುತ್ತಾರೆ. ಜನ ಒಮ್ಮೆ ಪರದೆ ನೋಡುತ್ತಾರೆ, ಒಮ್ಮೆ ಅವರನ್ನು. ಯಾರೋ ನಕ್ಕರೆ ಯಾಕೆ ನಕ್ಕರು ಅಂತ ಅವರಿಗೆ ಗೊತ್ತಾಗುವುದಿಲ್ಲ. ಅಂಥ ಹೊತ್ತಲ್ಲಿ ತಾನ್ ಹೊಡೆಯಲು ಗಂಟಲು ಏಳುತ್ತದಾ?

ಸ್ಟುಡಿಯೊಗೆ ಒಂದು ದಿನ ಬಂದು ಹೋಗುವವರಿಗೇ ‘ಈ ಫೋಟೊ ಬೇಡ’ ಅನ್ನುವ ಅವಕಾಶ ಕೊಡುತ್ತೀರಿ. ಜೊತೆಗೆ ಕೆಲಸ ಮಾಡುವವರಿಗೆ ಅದು ಇನ್ನೂ ಜಾಸ್ತಿ ಸಲ್ಲಬೇಕು. ಫೈಲ್ ಅಳಿಸಬೇಡಿ, ಜೋಪಾನವಾಗಿ ಇಟ್ಟುಕೊಳ್ಳಿ. ಆದರೆ ಪ್ರದರ್ಶನದಿಂದ ತೆಗೆಯಿರಿ. ಬದಲಿಗೆ ಏನನ್ನೂ ಕೇಳಬೇಡಿ. ನಿಮ್ಮ ಗೆಳೆಯರಿಗೆ ಏನು ಹೋಗಬೇಕು? ಅವರ್‍ಯಾರೂ ಆ ಪರದೆ ಮುಂದೆ ಕೂತು ಹಾಡಬೇಕಾಗಿಲ್ಲ.

ಈಗ ಹೆಸರು. ಇಲ್ಲಿ ಮೊದಲು ನಿಮಗೇ ಒಂದು ಪರೀಕ್ಷೆ. ನಿಮ್ಮ ಚಿತ್ರಗಳಿಲ್ಲದೆಯೂ ಅವರು ಅದೇ ಹಾಡನ್ನು ಅದೇ ರೀತಿ ಹಾಡುತ್ತಿದ್ದರಾ? ಹೌದು ಅಂದರೆ, ಬೇಜಾರಾದರೂ ಕೇಳಿ, ನಿಮ್ಮದು ರಂಗಸಜ್ಜಿಕೆ. ಪೋಸ್ಟರಿನಲ್ಲಿ ಕೆಳಗೇ ಬರುತ್ತದೆ. ಆದರೆ ನಿಮ್ಮ ಉದ್ದನೆಯ ಪತ್ರದ ಹಿಂಬದಿಯಲ್ಲಿ ಒಂದು ಸಾಲಿದೆ. ಮೀರಜಿನ ಆ ಹಿರಿಯರ ಮುಖ ಪರದೆ ಮೇಲೆ ಬಂದಾಗ ಗಾಯಕಿ ಹಾಡು ನಿಲ್ಲಿಸುತ್ತಾರೆ, ಬರೀ ತಂಬೂರಿ ನುಡಿಯುತ್ತದೆ, ಹಾಗೆ ಮಾಡೋಣ ಎಂದದ್ದು ನೀವು, ಎಷ್ಟು ಹೊತ್ತು ಅಂತ ತೀರ್ಮಾನಿಸಿದ್ದು ಅವರು. ಅಷ್ಟು ಸಾಕು. ಚಿತ್ರ ಹಾಡನ್ನು ನಿಲ್ಲಿಸುತ್ತದೆ ಅಂದರೆ ಕಾರ್ಯಕ್ರಮ ಇಬ್ಬರದು.

ಫೋಟೊಗ್ರಾಫರ್ ದಯಾನಿತಾ ಸಿಂಗ್ ಹೆಸರು ನಿಮಗೆ ಗೊತ್ತೇ ಇರುತ್ತದೆ. 1981ರಲ್ಲಿ, ಅಹಮದಾಬಾದಿನ ವಿನ್ಯಾಸ ಶಾಲೆ ಎನ್‌ಐಡಿಯಲ್ಲಿ ಓದುತ್ತಿದ್ದಾಗ, ತಬಲಾ ವಾದಕ ಜಾಕಿರ್ ಹುಸೇನ್ ಕಛೇರಿಯ ಫೋಟೊ ತೆಗೆಯಲು ಹೋದರು. ಸಂಘಟಕರ ಕಡೆಯವರು ತಡೆದರು. ಕೊನೆಗೆ ಜಾಕಿರ್ ಅವರೇ ಒಪ್ಪಿಗೆ ಕೊಟ್ಟರು. ಆಮೇಲೆ ಹಲವು ಚಳಿಗಾಲ ಅವರ ಜೊತೆ ಊರೂರು ತಿರುಗಿ ತೆಗೆದ ಚಿತ್ರಗಳು 1986ರಲ್ಲಿ ಪುಸ್ತಕವಾದವು. ಅದೇ ದಯಾನಿತಾ ಅವರ ಮೊದಲ ಪುಸ್ತಕ. ಜಾಕಿರ್ ಅವರನ್ನು ಗುರು ಎಂದೇ ಅವರು ನೆನೆಯುತ್ತಾರೆ. ಅಲ್ಲಿ ಹೆಸರಿನ ತಕರಾರಿಗೆ ಜಾಗ ಇರಲಿಲ್ಲ. ವೇದಿಕೆ ಒಬ್ಬರದು, ಪುಸ್ತಕ ಇನ್ನೊಬ್ಬರದು. ನೀವಿಬ್ಬರೂ ಒಂದೇ ವೇದಿಕೆಯಲ್ಲಿ ಒಂದೇ ಕೆಲಸ ಮಾಡಲು ಹೊರಟಿದ್ದೀರಿ. ಕಷ್ಟ ಇರುವುದು ಅಲ್ಲೇ.

ನಿಮ್ಮ ಗಾಯಕಿ ಬೆಳೆದ ಲೋಕದಲ್ಲಿ ನಡುವೆ ಕೂತವರು ಮುಖ್ಯ ಕಲಾವಿದರು. ಮಿಕ್ಕವರೆಲ್ಲ ಸಾಥ್, ಅಂದರೆ ಪಕ್ಕವಾದ್ಯದವರು. ನಿಮ್ಮನ್ನು ಎಲ್ಲಿ ಕೂರಿಸಬೇಕು ಅಂತ ಗೊತ್ತಾಗದೆ ಆ ಸಾಲಿನ ತುದಿಗೆ ಕೂರಿಸಿದ್ದಾರೆ. ನೀವೇನು ಕಮ್ಮಿ? ಪತ್ರದ ಉದ್ದಕ್ಕೂ ಅವರನ್ನು ‘ನನ್ನ ಸಬ್ಜೆಕ್ಟ್’ ಅಂತಲೇ ಬರೆದಿದ್ದೀರಿ. ಇಬ್ಬರೂ ಇನ್ನೊಬ್ಬರನ್ನು ತಮ್ಮ ಮನೆಯ ಕಿರಿಯರ ಜಾಗದಲ್ಲಿ ಇಟ್ಟಿದ್ದೀರಿ.

ಫೋಟೊ ಕೈಬಿಟ್ಟ ವಿಷಯ ತಿಳಿಸಿ ನಾಲ್ಕೈದು ದಿನ ಬಿಡಿ. ಆಮೇಲೆ ಎದುರಿಗೆ ಕೂತು ಹೆಸರಿನ ಮಾತು ತೆಗೆಯಿರಿ. ವಾಟ್ಸ್ಆ್ಯಪ್ ಬೇಡ. ‘ನನಗೆ ಅವಮಾನ ಆಯಿತು’ ಅಂತ ಶುರು ಮಾಡಿದರೆ ಅವರು ಸಮಾಧಾನ ಮಾಡಲು ಕೂರುತ್ತಾರೆ, ಪೋಸ್ಟರ್ ಹಾಗೇ ಉಳಿಯುತ್ತದೆ. ‘ಹಾಡು: ನೀವು, ಚಿತ್ರ: ನಾನು, ಒಂದೇ ಸಾಲು, ಒಂದೇ ಅಳತೆ’ ಅಂತ ನೇರವಾಗಿ ಕೇಳಿ. ಅವರ ಹೆಸರು ಮೊದಲು ಬರಲಿ, ಟಿಕೆಟ್ ಮಾರುವುದು ಅದೇ. ಇದಕ್ಕೂ ಒಪ್ಪದಿದ್ದರೆ ಚಿತ್ರಗಳನ್ನು ಕೊಡಬೇಡಿ. ಜಗಳ ಬೇಡ, ಸುಮ್ನೆ ಹಿಂದೆ ಸರಿಯಿರಿ. ಅಲ್ಲಿಗೆ ಬಿಡುವ ಪ್ರಶ್ನೆಗೂ ಉತ್ತರ ಸಿಕ್ಕಿರುತ್ತದೆ.

ಒಪ್ಪಿದರೆ ಒಂದು ಪುಟದಲ್ಲಿ ಬರೆದಿಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಯಾರೂ ದುಡ್ಡು ಕೊಟ್ಟು ತೆಗೆಸದ ಫೋಟೊದ ಹಕ್ಕು ಸಾಮಾನ್ಯವಾಗಿ ತೆಗೆದವರದೇ. ಹಾಗಾಗಿ ಈ ಚಿತ್ರಗಳ ಹಕ್ಕು ನಿಮ್ಮ ಹತ್ತಿರವೇ ಇರಲಿ, ಈ ಕಾರ್ಯಕ್ರಮದಲ್ಲಿ ಬಳಸಲು ಮಾತ್ರ ಅನುಮತಿ ಕೊಡಿ. ಹಾಡಿದವರಿಗೂ ತಮ್ಮ ಪ್ರದರ್ಶನದ ಮೇಲೆ ಹಕ್ಕಿದೆ. ಅವರನ್ನು ಕೇಳದೆ ವಿಡಿಯೊ ಮಾಡಿ ಯೂಟ್ಯೂಬಿಗೆ ಏರಿಸುವ ಹಾಗಿಲ್ಲ. ಸಂಭಾವನೆ ಹೇಗೆ ಹಂಚಿಕೊಳ್ಳುವುದು, ತಬಲಾ, ಹಾರ್ಮೋನಿಯಂನವರಿಗೆ ಮೊದಲೇ ತೆಗೆದಿಡುವುದು ಎಷ್ಟು, ಪ್ರೊಜೆಕ್ಟರ್ ಬಾಡಿಗೆ ಯಾರದು, ಎಲ್ಲ ಅದರಲ್ಲಿರಲಿ.

ಅಂದಹಾಗೆ, ಪತ್ರದಲ್ಲಿ ಮೂರು ಕಡೆ ‘ನಮ್ಮಿಬ್ಬರ ಮಧ್ಯೆ ಬೇರೇನೂ ಇಲ್ಲ’ ಎಂದಿದ್ದೀರಿ. ನಾನು ಕೇಳಿರಲಿಲ್ಲ. ಮನೆಯಲ್ಲಿ ಯಾರಾದರೂ ಕೇಳುತ್ತಿದ್ದರೆ ಅದಕ್ಕೆ ಬೇರೆ ಪತ್ರ ಬರೆಯಿರಿ.

ಇದನ್ನೆಲ್ಲ ಪೋಸ್ಟರ್ ಪ್ರಿಂಟಿಗೆ ಹೋಗುವ ಮೊದಲೇ ಮುಗಿಸಿ. ಇಲ್ಲದಿದ್ದರೆ ಎರಡನೇ ಸಲ ಅಚ್ಚು ಹಾಕಿಸಿದ ದುಡ್ಡು ಯಾರು ಕೊಡಬೇಕು ಅಂತ ಇನ್ನೊಂದು ಜಗಳ ಹತ್ತಿಕೊಳ್ಳುತ್ತದೆ.